ಬಕೆಟ್ಟಿನ ಕೆಳಗಿನ ಪಿಸ್ತೂಲು

ವರ್ಲಿನ್ ಟ್ಯಾಕೆಟ್‌ನ ನೌಕರಿಗೆ ಕುತ್ತು ತಂದದ್ದು ಒಂದು ಹ್ಯಾಮ್ ಬಿಸ್ಕೆಟ್ಟು. ಹೆಂಡತಿ ನೀವಾ ಬೆಳಿಗ್ಗೆ ಎದ್ದು ಮಜ್ಜಿಗೆಯಲ್ಲಿ ಹಿಟ್ಟು ಕಲಸಿ ಬೇಯಿಸಿದ ಮೆತ್ತನೆಯ ಬಿಸ್ಕೆಟ್ಟು. ಅದನ್ನು ಎರಡು ಹೋಳು ಮಾಡಿ ನಡುವೆ ಉಪ್ಪು ಹಾಕಿದ ಹಂದಿಮಾಂಸದ ಚೂರಿಟ್ಟು ಕಾಗದದಲ್ಲಿ ಸುತ್ತಿ ಕೊಟ್ಟಿದ್ದಳು. ದಿನವೂ ಅದನ್ನು ಮರೆಯದೆ ಕಾರ್ಖಾನೆಯೊಳಗೆ ಒಯ್ಯುತ್ತಿದ್ದವನು ಆ ದಿನ ಟ್ರಕ್ಕಿನ ಸೀಟಿನ ಕೆಳಗೇ ಬಿಟ್ಟ. ಅವಸರದಲ್ಲಿ ಟ್ರಕ್ಕಿನ ಬಾಗಿಲನ್ನೂ ಸರಿಯಾಗಿ ಹಾಕದೆ ಬಿಟ್ಟ. ಸೀಟಿನ ಕೆಳಗೆ ಬಿಸ್ಕೆಟ್ಟಿಗೆ ಒತ್ತಿಕೊಂಡು ಒಂದು ಪಿಸ್ತೂಲಿತ್ತು.

ಪಿಸ್ತೂಲು ವರ್ಲಿನ್‌ನದೇ. ಹಾಗಂತ ಅವನು ಆಸೆಪಟ್ಟು ಕೊಂಡದ್ದೇನಲ್ಲ. ಮದುವೆಯ ದಿನ ಮಾವ ಹೋಬರ್ಟ್ ಸ್ಲೋನ್ ಚರ್ಚಿನ ಅಂಗಳದಲ್ಲಿ ನಾಲ್ಕು ಜನರ ಮುಂದೆ ಅಳಿಯನ ಕೈಗೆ ಹಾಕಿದ್ದು. ದಪ್ಪ ಚರ್ಮದ ಒರೆ, ಮೇಲೆ ಗುಂಡಿ ಹಾಕಿದ ಮುಚ್ಚಳ, ತುದಿಯಲ್ಲಿ ಹಿಡಿಯ ಒಂದಿಷ್ಟು ಭಾಗ ಮಾತ್ರ ಇಣುಕುತ್ತಿತ್ತು. ತಮ್ಮ ತಂದೆ ಮಹಾಯುದ್ಧದಲ್ಲಿ ಜರ್ಮನಿಯವನೊಬ್ಬನಿಂದ ಕಿತ್ತುಕೊಂಡು ಬಂದದ್ದು, ಸ್ಲೋನ್ ಮನೆತನದ ಮಾನ ಇದರಲ್ಲಿದೆ ಎಂದು ಹೋಬರ್ಟ್ ಭಾಷಣ ಮಾಡಿದ್ದರು. ವರ್ಲಿನ್ ಅದನ್ನು, ಗಂಡಸರು ಬೇರೆಯವರ ಮನೆಯ ಎಳೆಗೂಸನ್ನು ಎತ್ತಿಕೊಳ್ಳುವ ಹಾಗೆ, ಮೈಗೆ ತಾಗಿಸದೆ ಎರಡೂ ಕೈ ಚಾಚಿ ಹಿಡಿದುಕೊಂಡಿದ್ದ. ಮುಚ್ಚಳದ ಗುಂಡಿಯನ್ನು ಅವನು ಈ ತನಕ ಒಮ್ಮೆಯೂ ಬಿಚ್ಚಿರಲಿಲ್ಲ. ಬಿಚ್ಚಿದರೆ ಎಲ್ಲಿ ತನ್ನಷ್ಟಕ್ಕೆ ಹಾರಿಬಿಡುತ್ತದೋ ಎಂಬ ಭಯ. ಮನೆಯೊಳಗೆ ಇಟ್ಟುಕೊಳ್ಳಲು ನೀವಾ ಬಿಡಲಿಲ್ಲ. ಯಾರಿಗಾದರೂ ಕೊಟ್ಟುಬಿಡೋಣವೆಂದರೆ, ಪ್ರತಿ ಭಾನುವಾರ ಊಟಕ್ಕೆ ಕೂತಾಗ ಮಾವನ ಮೊದಲ ಪ್ರಶ್ನೆಯೇ ಅದು ಎಲ್ಲಿದೆ ಎಂಬುದು. ಹಾಗಾಗಿ ಅದು ಟ್ರಕ್ಕಿನ ಸೀಟಿನ ಕೆಳಗೆ ಬಿಡಾರ ಹೂಡಿತ್ತು. ಅದರ ಕಾಗದಪತ್ರ, ಕಾನೂನು ಎಲ್ಲ ಸರಿಯಾಗಿದೆಯೆಂದು ಮಾವನೇ ಎದೆ ತಟ್ಟಿ ಹೇಳಿದ್ದರು. ಕೆಂಟಕಿಯ ಗುಡ್ಡಗಾಡಿನಲ್ಲಿ ಅದಕ್ಕಿಂತ ಹೆಚ್ಚು ಯಾರೂ ಕೇಳುವುದಿಲ್ಲ.

ಡ್ರೈ ಫೋರ್ಕ್ ಎಂಬ ನಮ್ಮೂರಿನಲ್ಲಿ ಇರುವುದು ಒಂದೇ ಕಾರ್ಖಾನೆ, ಗೋಫೋರ್ತ್ ಅವರದು. ಅಲ್ಲಿ ತಯಾರಾಗುವುದು ಪಿಸ್ತೂಲಿನ ಒರೆಗಳು. ಸೊಂಟಕ್ಕೆ ಕಟ್ಟುವಂಥದ್ದು, ಕಂಕುಳಿಗೆ ತೂಗುಹಾಕುವಂಥದ್ದು, ಹೆಂಗಸರ ಕೈಚೀಲದೊಳಗೆ ಕೂರುವಂಥದ್ದು, ಎಲ್ಲ. ಅದರ ಗೇಟಿನಲ್ಲಿ ಆಳೆತ್ತರದ ಒಂದು ಬೋರ್ಡು. ಪಿಸ್ತೂಲಿನ ಚಿತ್ರ ಬರೆದು ಅದರ ಮೇಲೆ ಕೆಂಪು ಗೆರೆ ಎಳೆದು, ಈ ಆವರಣದಲ್ಲಿ ಬಂದೂಕು ತರಕೂಡದು, ಗಾಡಿಯಲ್ಲೂ ಇಡಕೂಡದು ಎಂದು ಬರೆದಿದ್ದರು. ಚಪ್ಪಲಿ ಅಂಗಡಿಯವನು ಕಾಲು ಇದ್ದವರಿಗೆ ಪ್ರವೇಶವಿಲ್ಲ ಅಂದಂತೆ. ಹಾಗೆ ಬೋರ್ಡು ಹಾಕಿದರೆ ವಿಮೆಯ ಕಂತು ಕಡಿಮೆಯಾಗುತ್ತದೆಂದು ಯಾರೋ ಗೋಫೋರ್ತ್ ಅವರ ಕಿವಿಯಲ್ಲಿ ಊದಿದ್ದರು. ಕೆಲಸಗಾರರು ಅದಕ್ಕೆ ತಕರಾರು ತೆಗೆಯಲಿಲ್ಲ. ಬೆಳಿಗ್ಗೆ ಬರುವಾಗ ಬೋರ್ಡಿಗೆ ಒಂದು ಗೌರವದ ನೋಟ ಬೀರಿ, ಬಂದೂಕಿನ ಮೇಲೆ ಒಂದು ಕಂಬಳಿ ಎಳೆದು, ಟ್ರಕ್ ನಿಲ್ಲಿಸಿ ಒಳಗೆ ಹೋಗುತ್ತಿದ್ದರು.

ಆ ದಿನ ವಿಮೆ ಕಂಪನಿಯ ಪ್ರೂಯಿಟ್ ಎಂಬಾತ ಲೆಕ್ಸಿಂಗ್ಟನ್ ಪಟ್ಟಣದಿಂದ ತಪಾಸಣೆಗೆ ಬಂದಿದ್ದ. ಒಂದು ಕಡೆ ಯಜಮಾನ ಗೋಫೋರ್ತ್, ಇನ್ನೊಂದು ಕಡೆ ಸಿಬ್ಬಂದಿ ವಿಭಾಗದ ಥ್ರಾಶರ್ ಮೇಡಂ, ನಡುವೆ ಸೂಟು ಹಾಕಿದ ಪ್ರೂಯಿಟ್, ಮೂವರೂ ಮದುವೆಯ ಮೆರವಣಿಗೆಯಂತೆ ಆವರಣ ಸುತ್ತುತ್ತಿದ್ದರು. ಹಿಂದಿನಿಂದ ಗೋಫೋರ್ತ್ ಅವರ ಮುದಿ ಬೇಟೆನಾಯಿ ಜಡ್ಜ್ ಬರಬೇಕಿತ್ತು, ಬಂದಿರಲಿಲ್ಲ. ಜಡ್ಜ್‌ಗೆ ಹರೆಯದಲ್ಲಿ, ಹೊಡೆದು ಬೀಳಿಸಿದ ಬಾತುಕೋಳಿಯನ್ನು ಹಲ್ಲು ತಾಗಿಸದೆ ಕಚ್ಚಿ ತಂದು ಒಡೆಯನ ಕಾಲಬುಡದಲ್ಲಿ ಇಡುವ ಕಸುಬಿತ್ತು. ಈಗ ಬಾತುಕೋಳಿಗೆ ಓಡುವಷ್ಟು ಕಾಲಲ್ಲಿ ಬಲವಿರಲಿಲ್ಲ. ಕೈಚೀಲ, ಟೋಪಿ, ಒಮ್ಮೆ ಪಾದ್ರಿಗಳ ಕನ್ನಡಕ, ಸಿಕ್ಕಿದ್ದನ್ನು ತಂದಿಡುತ್ತಿತ್ತು.

ನಮ್ಮ ಆವರಣದಲ್ಲಿ ಒಂದು ಮದ್ದಿನ ಕಣ ಕೂಡ ಸಿಗಲಿಕ್ಕಿಲ್ಲ ಎಂದು ಗೋಫೋರ್ತ್ ಹೇಳಿ ಬಾಯಿ ಮುಚ್ಚಿರಲಿಲ್ಲ, ಟ್ರಕ್ಕುಗಳ ನಡುವಿನಿಂದ ಜಡ್ಜ್ ಬಾಲ ಬೀಸುತ್ತ ಬಂತು. ಮೀಸೆಯಲ್ಲೆಲ್ಲ ಬಿಸ್ಕೆಟ್ಟಿನ ಪುಡಿ. ಬಾಯಲ್ಲಿ ಹಂದಿಕೊಬ್ಬು ಮೆತ್ತಿದ ಚರ್ಮದ ಒರೆ. ಇಂದಿನ ಅತಿಥಿ ಯಾರೆಂದು ಅದಕ್ಕೆ ಹೇಗೆ ತಿಳಿಯಿತೋ, ನೇರ ಪ್ರೂಯಿಟ್‌ನ ಹೊಳೆಯುವ ಬೂಟಿನ ಮುಂದೆ ಒರೆಯನ್ನಿಟ್ಟು ಪಕ್ಕದಲ್ಲಿ ಕೂತು ಶಹಬ್ಬಾಸ್‌ಗಿರಿಗಾಗಿ ಮುಖ ನೋಡಿತು.

ಪ್ರೂಯಿಟ್ ಒಂದೇ ಜಿಗಿತಕ್ಕೆ ಗೋಫೋರ್ತ್ ಅವರ ಬೆನ್ನ ಹಿಂದೆ ಸೇರಿಕೊಂಡ. ಥ್ರಾಶರ್ ಮೇಡಂ ಮಾತ್ರ ಅಲುಗಲಿಲ್ಲ. ಭೂಮಿಯ ಮೇಲಿನ ಯಾವ ಆಪತ್ತಿಗೂ ಅವರು ಎಲ್ಲೋ ಒಂದು ತರಬೇತಿ ಪಡೆದಿರುತ್ತಿದ್ದರು. ಯಾರೂ ಮುಟ್ಟಕೂಡದು, ಎಲ್ಲರೂ ಹಿಂದೆ ಸರಿಯಿರಿ ಎಂದು ಕೈಯೆತ್ತಿ, ನೆಲ ಒರೆಸುವ ಬಕೆಟ್ಟೊಂದನ್ನು ತರಿಸಿ, ಅದನ್ನು ಒರೆಯ ಮೇಲೆ ಬೋರಲು ಹಾಕಿದರು. ಪೊಲೀಸರಿಗೆ, ಅಂದರೆ ಷೆರಿಫ್ ಕಚೇರಿಗೆ, ಫೋನು ಹೋಯಿತು. ಹೆದ್ದಾರಿಯಲ್ಲಿ ಹುಲ್ಲಿನ ಲಾರಿಯೊಂದು ಮಗುಚಿದೆ, ಅದು ಮುಗಿದ ಮೇಲೆ ಡೆಪ್ಯುಟಿ ಬರುತ್ತಾರೆ, ಅಲ್ಲಿಯವರೆಗೆ ಬಕೆಟ್ ತೆಗೆಯಬೇಡಿ ಎಂದು ಉತ್ತರ ಬಂತು.

ಇನ್ನು ಅದು ಯಾರದ್ದೆಂದು ತಿಳಿಯಬೇಕಿತ್ತು. ಜಡ್ಜ್ ತೀರ್ಪು ಕೊಡಲಿಲ್ಲ. ಥ್ರಾಶರ್ ಮೇಡಂ ಕಾರ್ಖಾನೆಯ ಧ್ವನಿವರ್ಧಕದಲ್ಲಿ, ಆವರಣದಲ್ಲಿ ಒರೆಸಹಿತ ಪಿಸ್ತೂಲೊಂದು ಸಿಕ್ಕಿದೆ, ಅದರ ಒಡೆಯರು ಕೂಡಲೇ ಕಚೇರಿಗೆ ಬರಬೇಕು ಎಂದು ಕೂಗಿದರು. ಹೊಲಿಗೆ ಯಂತ್ರಗಳೆಲ್ಲ ಒಮ್ಮೆಲೇ ನಿಂತವು. ಪ್ರತಿಯೊಬ್ಬನೂ ತನ್ನ ಟ್ರಕ್ಕಿಗೆ ಬೀಗ ಹಾಕಿದ್ದೆನೇ ಎಂದು ಮನಸ್ಸಿನಲ್ಲೇ ನೋಡಿಕೊಂಡು ಬಂದ. ಒಬ್ಬರೂ ಉಸಿರೆತ್ತಲಿಲ್ಲ. ಇನ್ನೊಂದು ಗಳಿಗೆ ಹಾಗೇ ಕಳೆದಿದ್ದರೆ ವಿಷಯ ಅಲ್ಲಿಗೇ ತಣ್ಣಗಾಗುತ್ತಿತ್ತೋ ಏನೋ. ಅಷ್ಟರಲ್ಲಿ ವರ್ಲಿನ್ ತನ್ನ ಯಂತ್ರದ ಹಿಂದಿನಿಂದ ಎದ್ದು ನಿಂತು ಕೇಳಿದ.

"ಅದರ ಜೊತೆ ಒಂದು ಬಿಸ್ಕೆಟ್ ಇತ್ತಾ?"

ಪಕ್ಕದಲ್ಲಿ ಚರ್ಮ ಕತ್ತರಿಸುತ್ತಿದ್ದ ಓಡೆಲ್ ಹಣೆ ಚಚ್ಚಿಕೊಂಡ.

ಕಚೇರಿಯಲ್ಲಿ ಹೆಚ್ಚು ಹೊತ್ತು ಹಿಡಿಯಲಿಲ್ಲ. ವರ್ಲಿನ್ ಮದುವೆಯಿಂದ ಶುರುಮಾಡಿ ಎಲ್ಲ ಹೇಳಿದ. ತಾನು ಅದನ್ನು ಮುಟ್ಟುವುದೂ ಇಲ್ಲ, ಅದು ಮಾವನ ಮಾನದ ಪ್ರಶ್ನೆ ಎಂದ. ನೀವಾಳ ಮೊಣಕಾಲಿನ ಶಸ್ತ್ರಚಿಕಿತ್ಸೆ ಮುಂದಿನ ವಾರ ಇದೆ, ಕಂಪನಿಯ ಆರೋಗ್ಯ ವಿಮೆ ನಂಬಿಕೊಂಡೇ ದಿನ ಗೊತ್ತುಮಾಡಿದ್ದು ಎಂದ. ಗೋಫೋರ್ತ್ ಕಿಟಕಿಯಾಚೆ ನೋಡುತ್ತಿದ್ದರು. ಭಾನುವಾರ ಚರ್ಚಿನಲ್ಲಿ ಇಬ್ಬರೂ ಒಂದೇ ಬೆಂಚಿನಲ್ಲಿ ಕೂರುವವರು. ಆದರೆ ಕುರ್ಚಿಯ ಅಂಚಿನಲ್ಲಿ ಪ್ರೂಯಿಟ್ ಕೂತಿದ್ದ. ಕಾಗದದಲ್ಲಿ ನಿಯಮ ಇದ್ದರೆ ಸಾಲದು, ಅದನ್ನು ಜಾರಿ ಮಾಡಿದ್ದೂ ಕಾಣಬೇಕು ಎಂದು ಆತ ಆಗಲೇ ಅಂದಿದ್ದ.

"ವರ್ಲಿನ್, ಇದರಲ್ಲಿ ವೈಯಕ್ತಿಕ ಏನೂ ಇಲ್ಲ," ಅಂದರು ಥ್ರಾಶರ್ ಮೇಡಂ. "ನಿಮ್ಮನ್ನ ಕೆಲಸದಿಂದ ತೆಗೆದಿದ್ದೀವಿ. ಡೆಪ್ಯುಟಿ ಬರೋವರೆಗೂ ಹೊರಗೆ ನಿಮ್ಮ ಟ್ರಕ್ ಹತ್ತಿರ ಇರಿ. ಬಕೆಟ್ ಮುಟ್ಟಬೇಡಿ."

ಮಧ್ಯಾಹ್ನದ ಗಂಟೆ ಹೊಡೆದದ್ದೇ ಇಡೀ ಕಾರ್ಖಾನೆ ಊಟದ ಡಬ್ಬಿ ಹಿಡಿದು ಬಕೆಟ್ಟಿನ ಸುತ್ತ ಸೇರಿತು. ಎಲ್ಲರೂ ಒರೆ ಹೊಲಿಯುವವರೇ ಆದ್ದರಿಂದ ಮೊದಲು ಚರ್ಚೆಯಾದದ್ದು ಒರೆಯ ಹೊಲಿಗೆ. ಬಕೆಟ್ಟಿನ ಕೆಳಗಿದ್ದುದನ್ನು ಯಾರೂ ಕಂಡಿರದಿದ್ದರೂ ಅದು ಕೈಹೊಲಿಗೆ ಎಂದು ಕೆಲವರು, ಯಂತ್ರದ್ದು ಎಂದು ಕೆಲವರು ಪಟ್ಟು ಹಿಡಿದರು. ಆಮೇಲೆ ಕಾನೂನು ಬಂತು. ಗಾಡಿಯೊಳಗೆ ಇದ್ದ ಬಂದೂಕು ಯಜಮಾನನಿಗೆ ಸಂಬಂಧಪಟ್ಟದ್ದಲ್ಲ ಎಂದು ಓಡೆಲ್ ಘೋಷಿಸಿದ. ಆದರೆ ಅದೀಗ ಗಾಡಿಯ ಹೊರಗಿದೆಯಲ್ಲ ಎಂದು ಪ್ಯಾಕಿಂಗ್ ವಿಭಾಗದ ವಾಂಡಾ ಕೊಕ್ಕೆ ಹಾಕಿದಳು. ಹೊರಗೆ ತಂದದ್ದು ನಾಯಿ, ನಾಯಿ ಯಜಮಾನರದ್ದು, ಹಾಗಾಗಿ ಕಳ್ಳತನದ ಮಾಲು ಸಿಕ್ಕಿರುವುದು ಯಜಮಾನರ ಕಡೆಯಿಂದ ಎಂದು ಓಡೆಲ್ ವಾದಿಸಿದ. ಜನ ತಲೆದೂಗಿದರು.

"ಇದು ನಿನ್ನೊಬ್ಬನ ಪ್ರಶ್ನೆ ಅಲ್ಲ ಕಣಯ್ಯಾ," ಎಂದು ಓಡೆಲ್ ವರ್ಲಿನ್‌ನ ಹೆಗಲ ಮೇಲೆ ಕೈ ಹಾಕಿದ. "ಹಕ್ಕಿನ ಪ್ರಶ್ನೆ. ನಿನ್ನ ಹಿಂದೆ ಬಂಡೆ ಥರಾ ನಿಂತಿದ್ದೀವಿ ನಾವೆಲ್ಲ."

"ಹಂಗಾದ್ರೆ ಒಂದು ಉಪಕಾರ ಮಾಡು," ಅಂದ ವರ್ಲಿನ್. "ನಿನ್ನ ಗಾಡೀಲೂ ಒಂದು ಇದೆ ಅಂತ ಒಳಗೆ ಹೋಗಿ ಹೇಳು. ನಾನೊಬ್ನೇ ಅಲ್ಲ ಅಂತ ಗೊತ್ತಾದ್ರೆ ಬಿಟ್ರೂ ಬಿಟ್ರು."

ಬಂಡೆ ಆಕಾಶದ ಕಡೆ ನೋಡಿತು. ಮಳೆ ಬರೋ ಹಾಗಿದೆ, ಅಂದಿತು.

ಇಷ್ಟು ಹೊತ್ತೂ ವಾಂಡಾಳ ಫೋನು ಸುಮ್ಮನಿರಲಿಲ್ಲ. ಬಕೆಟ್ಟು, ಬಕೆಟ್ಟಿನ ಪಕ್ಕ ಜೋತುಬಿದ್ದ ಮುಖದ ವರ್ಲಿನ್, ಎರಡನ್ನೂ ನೇರಪ್ರಸಾರ ಮಾಡುತ್ತಿದ್ದಳು. ಊರಿಗೆ ಊರೇ ನೋಡಿತು. ಪಕ್ಕದ ಊರಿನವರು ವರ್ಲಿನ್ ಹುತಾತ್ಮನೆಂದರು. ಅದಕ್ಕೂ ಪಕ್ಕದ ಊರಿನವರು ಅವನು ಸತ್ತೇ ಹೋದನೆಂದು ತಿಳಿದು ನೀವಾಗೆ ಫೋನು ಮಾಡಿ ಸಮಾಧಾನ ಹೇಳಿದರು. ಗಾಬರಿಬಿದ್ದ ನೀವಾ ತಂದೆಯನ್ನೂ ಕಾರಿನಲ್ಲಿ ಹಾಕಿಕೊಂಡು, ನೋಯುವ ಮೊಣಕಾಲಲ್ಲೇ ಗಾಡಿ ಓಡಿಸಿಕೊಂಡು ಬಂದಳು. ಗಂಡ ಜೀವಂತ ಇರುವುದನ್ನು ಕಂಡು ಮೊದಲು ಉಸಿರುಬಿಟ್ಟಳು, ಆಮೇಲೆ ಬಯ್ದಳು.

"ಒಂದು ಬಿಸ್ಕೆಟ್ ಒಳಗೆ ತಗೊಂಡು ಹೋಗೋಕಾಗಲ್ಲ ನಿಮ್ಗೆ. ಇನ್ನು ನನ್ನ ಕಾಲು ಯಾರು ನೋಡ್ತಾರೆ?"

ಅವಳ ಬೈಗುಳ ಮುಗಿಯುವಷ್ಟರಲ್ಲಿ ಹೋಬರ್ಟ್ ಮಾವ ಟ್ರಕ್ಕಿನ ಹಿಂಬದಿಗೆ ಹತ್ತಿ ನಿಂತಾಗಿತ್ತು. ಎದುರಿಗೆ ಇಷ್ಟು ಜನ ಸೇರಿದ್ದನ್ನು ಅವರು ಮಗಳ ಮದುವೆಯ ನಂತರ ಕಂಡಿರಲಿಲ್ಲ. ಪಿಸ್ತೂಲಿನ ಚರಿತ್ರೆ ಶುರುವಾಯಿತು. ಮದುವೆಯ ದಿನ ಒಬ್ಬನೇ ಇದ್ದ ಜರ್ಮನ್ ಸೈನಿಕ ಈಗ ಮೂವರಾಗಿದ್ದ. ಸ್ವಲ್ಪ ಹೊತ್ತಿನಲ್ಲಿ ಒಂದು ಟ್ಯಾಂಕೂ ಬಂತು. ಇಂಥ ಆಯುಧವನ್ನು ನೆಲ ಒರೆಸುವ ಬಕೆಟ್ಟಿನ ಕೆಳಗಿಟ್ಟಿದ್ದಾರಲ್ಲ, ಇದು ನಮ್ಮಪ್ಪನ ಗೋರಿಯ ಮೇಲೆ ಬಕೆಟ್ ಬೋರಲು ಹಾಕಿದ ಹಾಗೆ ಎಂದು ಎದೆ ಬಡಿದುಕೊಂಡರು. ಹೆಂಗಸರು ಕಣ್ಣೊರೆಸಿಕೊಂಡರು. ಗೋಫೋರ್ತ್ ಕೂಡ ಕಚೇರಿಯ ಕಿಟಕಿ ತೆರೆದು ಕೇಳಿಸಿಕೊಂಡರು.

ಅಷ್ಟರಲ್ಲಿ ಕಚೇರಿಯ ಫೋನು ಬಡಿದುಕೊಂಡಿತು. ನೇರಪ್ರಸಾರ ನೋಡಿದ್ದ ಕಂಪನಿಯ ವಕೀಲರೇ ಮಾತಾಡಿದ್ದು, ಅದೂ ಕೂಗುತ್ತಾ. ಈ ರಾಜ್ಯದಲ್ಲಿ ಕೆಲಸಗಾರ ತನ್ನ ಗಾಡಿಯಲ್ಲಿ ಕಾನೂನುಬದ್ಧ ಬಂದೂಕು ಇಟ್ಟುಕೊಂಡನೆಂದು ಅವನನ್ನು ಕೆಲಸದಿಂದ ತೆಗೆಯುವಂತಿಲ್ಲ. ನಿಮ್ಮ ಬೋರ್ಡಿಗೆ ಕವಡೆ ಕಿಮ್ಮತ್ತಿಲ್ಲ. ಆ ಮನುಷ್ಯ ನ್ಯಾಯಾಲಯಕ್ಕೆ ಹೋದರೆ ಕಾರ್ಖಾನೆಯ ಕೀಲಿಕೈ ಅವನ ಕೈಗೆ ಕೊಡಬೇಕಾಗುತ್ತದೆ. ಈಗಿಂದೀಗಲೇ ಕರೆದು ಕೂರಿಸಿ.

ಗೋಫೋರ್ತ್ ತಾವೇ ಹೊರಗೆ ಬಂದರು. ವರ್ಲಿನ್‌ನ ಕೈ ಹಿಡಿದು, ಏನೋ ತಪ್ಪು ತಿಳಿವಳಿಕೆ ಆಯಿತು, ನಿನ್ನ ಯಂತ್ರ ನಿನಗೇ ಕಾದಿದೆ, ನೀವಾಳ ಕಾಲಿನ ಚಿಂತೆಯೂ ಬೇಡ ಅಂದರು. ಕಾನೂನು ಹೇಳುವುದನ್ನೂ ಜನರಿಗೆ ಕೇಳುವಂತೆ ಹೇಳಿದರು. ನೀವಾ ಗಂಡನ ತೋಳು ಹಿಡಿದು ಅತ್ತಳು.

ಕೆಲಸ ಹೋಗುವುದಿಲ್ಲವೆಂದು ಖಾತ್ರಿಯಾದದ್ದೇ ತಡ, ಓಡೆಲ್‌ಗೆ ಎಲ್ಲಿಲ್ಲದ ಧೈರ್ಯ ಬಂತು. ನನ್ನ ಗಾಡಿಯಲ್ಲೂ ಒಂದಿದೆ, ಯಾರಪ್ಪನ ಭಯ ಎಂದು ಎದೆಯುಬ್ಬಿಸಿ ಟ್ರಕ್ಕಿನ ಬಾಗಿಲು ತೆರೆದು ತೋರಿಸಿದ. ವಾಂಡಾ ತನ್ನ ಕಾರಿನಲ್ಲಿ ಎರಡಿವೆ ಅಂದಳು. ಆಮೇಲೆ ತಡೆಯುವವರೇ ಇಲ್ಲ. ಕಂಬಳಿಗಳು ಸರಿದವು, ಬಾಗಿಲುಗಳು ತೆರೆದವು, ಆವರಣ ಬೇಟೆ ಸಾಮಾನಿನ ಅಂಗಡಿಯಂತೆ ಕಂಡಿತು. ಥ್ರಾಶರ್ ಮೇಡಂ ಗೋಡೆಗೆ ಒರಗಿದರು. ಇದಕ್ಕೆ ಅವರಲ್ಲಿ ತರಬೇತಿ ಇರಲಿಲ್ಲ. ಪ್ರೂಯಿಟ್ ಬೆವರು ಒರೆಸಿಕೊಂಡ. ನಿಮ್ಮ ಕಾರಿನಲ್ಲಿ ಏನಾದರೂ ಇದೆಯೇ ಎಂದು ವಾಂಡಾ ಫೋನು ಅವನ ಮುಖಕ್ಕೆ ಹಿಡಿದಳು. ಅದು ಕಂಪನಿಯ ಕಾರು, ಅದರಲ್ಲಿರುವುದರ ಬಗ್ಗೆ ತಾನು ಮಾತಾಡುವಂತಿಲ್ಲ ಎಂದು ಅವನು ಬೇರೆ ಕಡೆ ತಿರುಗಿದ.

ಆ ಸಂಭ್ರಮದಲ್ಲೇ ಡೆಪ್ಯುಟಿ ರಕರ್‌ನ ಗಾಡಿ ಬಂತು. ಅವನ ತಲೆಯಲ್ಲಿ, ಮೀಸೆಯಲ್ಲಿ ಹುಲ್ಲಿನ ಕಡ್ಡಿ ಸಿಕ್ಕಿಕೊಂಡೇ ಇತ್ತು. ಜಗಳವೆಲ್ಲ ತೀರಿದೆ, ಆಯುಧವನ್ನು ಒಡೆಯನ ಕೈಗೆ ಒಪ್ಪಿಸಿದರೆ ಮುಗಿಯಿತು ಎಂದು ಗೋಫೋರ್ತ್ ಹೇಳಿದರು. ಡೆಪ್ಯುಟಿ ಬಕೆಟ್ಟಿನ ಕಡೆ ಹೊರಟ. ಇಷ್ಟು ಹೊತ್ತು ಟ್ಯಾಂಕಿನ ಜೊತೆ ಕಾದಾಡುತ್ತಿದ್ದ ಹೋಬರ್ಟ್ ಮಾವ ಯಾಕೋ ಸದ್ದಿಲ್ಲದೆ ಟ್ರಕ್ಕಿನಿಂದ ಇಳಿದರು. ಮಾತ್ರೆ ನುಂಗುವ ಹೊತ್ತಾಯಿತು, ಮನೆಗೆ ಹೋಗೋಣ ಎಂದು ಮಗಳ ಕಿವಿಯಲ್ಲಿ ಪಿಸುಗುಟ್ಟಿದರು. ಹಳೆಯ ವಸ್ತು, ಬಿಚ್ಚದೆ ಹಾಗೇ ಕೊಟ್ಟುಬಿಡಿ ಎಂದು ಡೆಪ್ಯುಟಿಗೂ ಒಂದು ಮಾತು ಹೇಳಿದರು. ಬಿಚ್ಚದೆ ಕೊಡುವುದಕ್ಕೆ ಕಾನೂನಿಲ್ಲ ಎಂದು ಅವನು ಬಕೆಟ್ ಎತ್ತಿ, ಮಂಡಿಯೂರಿ, ಮುಚ್ಚಳದ ಗುಂಡಿ ಬಿಚ್ಚಿದ.

ಡೆಪ್ಯುಟಿ ಪಿಸ್ತೂಲನ್ನು ಹೊರಗೆಳೆದು ತಿರುಗಿಸಿ ನೋಡಿದ, ಮತ್ತೆ ನೋಡಿದ, ನಳಿಗೆಯೊಳಗೆ ಇಣುಕಿದ.

"ಇದು ಗಾಳಿ ತುಂಬಿ ಹೊಡೆಯೋದು," ಅಂದ. "ನಮ್ಮ ಹುಡುಗ ಡಬ್ಬಕ್ಕೆ ಗುರಿ ಇಡ್ತಾನಲ್ಲ, ಅಂಥದ್ದು. ಆಟದ ಸಾಮಾನು. ಇದೂ ಕೆಟ್ಟುಹೋಗಿದೆ."

ಎಲ್ಲರ ಕಣ್ಣೂ ಹೋಬರ್ಟ್ ಮಾವನ ಕಡೆ ತಿರುಗಿತು. ಜರ್ಮನಿಯವರೆಲ್ಲ ಓಡಿಹೋಗಿದ್ದರು.

"ಏನ್ ಮಾಡ್ಲಿ ಅಳಿಯಂದ್ರೇ," ಅಂದರು ಅವರು ತಲೆ ಕೆರೆಯುತ್ತ. "ಮಗಳನ್ನ ನಿಮ್ಮ ಕೈಗೆ ಕೊಡೋಕೇ ಅರ್ಧ ಧೈರ್ಯ ಖರ್ಚಾಗಿತ್ತು. ಪಿಸ್ತೂಲನ್ನೂ ಕೊಡೋಷ್ಟು ಉಳಿದಿರಲಿಲ್ಲ."

ಅಪ್ಪನ ನಿಜವಾದ ಪಿಸ್ತೂಲು ಎಲ್ಲಿ ಎಂದು ಡೆಪ್ಯುಟಿ ಕೇಳಿದ. ಹೋಬರ್ಟ್ ಕೋಟು ಸರಿಸಿದರು. ಸೊಂಟದಲ್ಲೇ ಇತ್ತು. ಅದು ಅಲ್ಲಿಂದ ಕದಲಿದ್ದೇ ಇಲ್ಲವಂತೆ.

ವರ್ಲಿನ್‌ಗೆ ಮೊದಲು ಅನ್ನಿಸಿದ್ದು ನಿರಾಳ. ಇಷ್ಟು ವರ್ಷ ಸೀಟಿನ ಕೆಳಗೆ ಹಾವು ಇಟ್ಟುಕೊಂಡವನಂತೆ ಗಾಡಿ ಓಡಿಸಿದ್ದು ಬರಿ ಹಗ್ಗಕ್ಕಾಗಿ. ನಗುತ್ತಲೇ ಅವನು ಕಾರ್ಖಾನೆಯ ಬಾಗಿಲ ಕಡೆ ಹೊರಟ. ಬಂದೂಕೇ ಅಲ್ಲ ಅಂದ ಮೇಲೆ ಇನ್ನೇನು. ಆದರೆ ಥ್ರಾಶರ್ ಮೇಡಂ ಗೋಡೆಯಿಂದ ಬೆನ್ನು ತೆಗೆದಿದ್ದರು. ಒಂದು ನಿಮಿಷ ನಿಲ್ಲಿ ಎಂದು ಒಳಗೆ ಹೋಗಿ ವಕೀಲರಿಗೆ ಫೋನು ಮಾಡಿ ಬಂದರು.

ವಕೀಲರ ಅಭಿಪ್ರಾಯ ಬದಲಾಗಿತ್ತು. ಕಾನೂನು ಕಾಪಾಡುವುದು ಗಾಡಿಯಲ್ಲಿ ಬಂದೂಕು ಇಟ್ಟವರನ್ನು. ಆಟದ ಸಾಮಾನು ಇಟ್ಟವರ ಬಗ್ಗೆ ಅದು ಒಂದಕ್ಷರವನ್ನೂ ಹೇಳುವುದಿಲ್ಲ. ಕಂಪನಿಯ ನಿಯಮದಲ್ಲೋ, ಬಂದೂಕಿನಂತೆ ಕಾಣುವ ವಸ್ತು ತಂದು ಗಾಬರಿ ಹುಟ್ಟಿಸಿದವರನ್ನು ತೆಗೆಯಬಹುದು ಎಂದಿದೆ. ಒಳಗೆ ಒರೆಯ ಅಳತೆಗೆ ಪ್ಲಾಸ್ಟಿಕ್ಕಿನ ಪಿಸ್ತೂಲುಗಳ ರಾಶಿಯೇ ಇದೆಯಲ್ಲ ಎಂದು ವರ್ಲಿನ್ ನೆನಪಿಸಿದ. ಅವು ಕಂಪನಿಯವು, ಅಂದರು ಮೇಡಂ.

ಪ್ರೂಯಿಟ್ ಗಂಟಲು ಸರಿಮಾಡಿಕೊಂಡ. ನಿಯಮ ಜಾರಿಯಾಗಿದೆ ಎಂದು ತಾನು ವರದಿ ಕೊಡಬೇಕಾದರೆ ಕೊನೇಪಕ್ಷ ಒಬ್ಬನ ಮೇಲಾದರೂ ಕ್ರಮ ಆಗಿರಬೇಕು ಅಂದ. ಗೋಫೋರ್ತ್ ಸುತ್ತ ಕಣ್ಣಾಡಿಸಿದರು. ಓಡೆಲ್‌ನನ್ನು ತೆಗೆಯುವಂತಿಲ್ಲ, ಅವನ ಹತ್ತಿರ ಬಂದೂಕಿದೆ. ವಾಂಡಾಳನ್ನು ಮುಟ್ಟುವ ಹಾಗೇ ಇಲ್ಲ, ಅವಳ ಹತ್ತಿರ ಎರಡಿವೆ. ಇಡೀ ಕಾರ್ಖಾನೆಯಲ್ಲಿ ಬಂದೂಕಿಲ್ಲದ ಮನುಷ್ಯ ಒಬ್ಬನೇ ಇದ್ದ.

"ನನ್ನ ಹತ್ರ ನಿಜವಾದ್ದು ಇದ್ದಿದ್ರೆ?" ಎಂದು ವರ್ಲಿನ್ ಸಣ್ಣ ದನಿಯಲ್ಲಿ ಕೇಳಿದ.

"ಇಷ್ಟು ಹೊತ್ತಿಗೆ ನಿನ್ನ ಯಂತ್ರದ ಮುಂದೆ ಕೂತಿರ್ತಿದ್ದೆ," ಅಂದರು ಗೋಫೋರ್ತ್. ಅವರಿಗೆ ನಿಜಕ್ಕೂ ಬೇಸರವಾಗಿತ್ತು.

ಓಡೆಲ್ ತನ್ನದನ್ನೇ ಒಂದು ಗಳಿಗೆ ಸಾಲ ಕೊಡುತ್ತೇನೆಂದು ಮುಂದೆ ಬಂದ. ತಡವಾಯಿತು ಎಂದು ಡೆಪ್ಯುಟಿ ಹೇಳಿದ. ಗಂಟೆ ಹೊಡೆಯಿತು, ಜನರೆಲ್ಲ ಡಬ್ಬಿ ಮುಚ್ಚಿಕೊಂಡು ಒಳಗೆ ಹೋದರು. ಪ್ರೂಯಿಟ್ ಹೊರಡುವ ಮುಂಚೆ ಇನ್ನೊಂದು ಸಲಹೆ ಕೊಟ್ಟ. ಬಂದೂಕಿಲ್ಲದ ಆವರಣವನ್ನು ಕಾಯಲು ಗೇಟಿನಲ್ಲಿ ಬಂದೂಕಿರುವ ಒಬ್ಬ ಕಾವಲುಗಾರ ಬೇಕು. ಅಸಲಿ ಯಾವುದು ಆಟದ್ದು ಯಾವುದು ಎಂದು ಬಲ್ಲವನಾಗಿರಬೇಕು. ಗೋಫೋರ್ತ್ ಮತ್ತೆ ಸುತ್ತ ನೋಡಿದರು. ಹೋಬರ್ಟ್ ಸ್ಲೋನ್ ಕೋಟಿನ ಗುಂಡಿ ಹಾಕಿಕೊಳ್ಳುತ್ತಿದ್ದರು. ಕೆಲಸ ಅಲ್ಲೇ ಅವರ ಪಾಲಾಯಿತು. ಕಾವಲುಗಾರರಿಗೆ ಆರೋಗ್ಯ ವಿಮೆ ಉಂಟೇ ಎಂದು ನೀವಾ ಕೇಳಿದಳು. ಉಂಟು, ಆದರೆ ಮದುವೆಯಾದ ಮಗಳಿಗೆ ಬರುವುದಿಲ್ಲ ಅಂದರು ಥ್ರಾಶರ್ ಮೇಡಂ.

ಹೊಸ ಕಾವಲುಗಾರನ ಮೊದಲ ಕೆಲಸ, ಕೆಲಸದಿಂದ ತೆಗೆದ ಮನುಷ್ಯನನ್ನು ಆವರಣದಿಂದ ಹೊರಗೆ ಕಳಿಸುವುದು. ಹೋಬರ್ಟ್ ಮಾವ ಅದನ್ನು ಗಾಂಭೀರ್ಯದಿಂದಲೇ ಮಾಡಿದರು. ವರ್ಲಿನ್‌ನ ಟ್ರಕ್ಕಿನ ಮುಂದೆ ಮುಂದೆ ನಡೆದು, ಗೇಟು ತೆರೆದು, ಅದು ಗೆರೆ ದಾಟುವ ತನಕ ಕೈ ಬೀಸಿ, ಗೇಟು ಹಾಕಿದರು. ಆಮೇಲೆ ಕಂಬಿಗಳ ನಡುವಿನಿಂದ ಮುಖ ಹಾಕಿ ಅಳಿಯನನ್ನು ಕರೆದರು.

"ನೀವಾ ಕಾಲು ನೋವು ಅಂತ ಮನೆಗೆ ಹೋದ್ಲು. ನೀವು ಅಲ್ಲೇ ಆ ಮರದ ಕೆಳಗೆ ನಿಲ್ಲಿಸ್ಕೊಳ್ಳಿ. ಸಂಜೆ ನನ್ನ ಡ್ಯೂಟಿ ಮುಗಿಯುತ್ತೆ, ಮನೆಗೆ ಬಿಡಬೇಕು. ನಾಳೆಯಿಂದ ಬೆಳಿಗ್ಗೆನೂ ನೀವೇ ಕರ್ಕೊಂಡು ಬಂದ್ಬಿಡಿ. ಸ್ವಲ್ಪ ಬೇಗ ಎದ್ದೇಳಿ ಮತ್ತೆ, ಇವ್ರು ತಡ ಆದ್ರೆ ಸುಮ್ನಿರಲ್ವಂತೆ. ಹೇಗೂ ನಿಮ್ಗೆ ಬೇರೆ ಕೆಲಸ ಇಲ್ವಲ್ಲ."

ವರ್ಲಿನ್ ಟ್ರಕ್ಕನ್ನು ಮರದ ನೆರಳಿಗೆ ತಂದು ಇಂಜಿನ್ ಆರಿಸಿದ. ಗೇಟಿನಾಚೆ ಮಾವ ಕುರ್ಚಿ ಹಾಕಿಸಿಕೊಂಡು ಕೂತರು.